ಮಳೆ ನಿಂತರೂ ಮರದ ಹನಿ

2024ರ ಮೇ 11, ಶನಿವಾರ. ಅಂದು ಬೆಳಗ್ಗೆ ದೇಶದ ಯಾವ ಭಾಷೆಯ ಸುದ್ದಿತಾಣ ತೆರೆದರೂ ಒಂದೇ ಸುದ್ದಿ. ಹಿಂದಿನ ರಾತ್ರಿ ಭೂಮಿಗೆ ಸೌರ ಚಂಡಮಾರುತ ‘ಅಪ್ಪಳಿಸಿತ್ತು’. 2003ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರ ತನ್ನ ಅಳತೆಗೋಲಿನ ಕಟ್ಟಕಡೆಯ ಮೆಟ್ಟಿಲಾದ ಜಿ5 ಅನ್ನು ಘೋಷಿಸಿತ್ತು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಆಕಾಶದ ಅಂಚಿನಲ್ಲಿ ಕೆಂಪು ಬೆಳಕನ್ನು ಹಿಡಿದಿದ್ದವು. ಕನ್ನಡದ ಮಾಧ್ಯಮಗಳೂ ಹಿಂದೆ ಬೀಳಲಿಲ್ಲ. ಮೊಬೈಲ್ ನಿಲ್ಲುತ್ತದಂತೆ, ಕರೆಂಟು ಹೋಗುತ್ತದಂತೆ, ಉಪಗ್ರಹ ಸುಟ್ಟುಹೋಗುತ್ತದಂತೆ. ಮಂಗಳವಾರದ ಹೊತ್ತಿಗೆ ಮೊಬೈಲೂ ಇತ್ತು, ಕರೆಂಟೂ ಇತ್ತು. ಸುದ್ದಿ ಮಾತ್ರ ಇರಲಿಲ್ಲ.

ಕನ್ನಡದ ಓದುಗನಿಗೆ ಅಲ್ಲಿ ಆದದ್ದು ಎರಡು ಮೋಸ. ಮೊದಲು ಅವನನ್ನು ಸುಮ್ಮನೆ ಹೆದರಿಸಲಾಯಿತು. ಆಮೇಲೆ, ನಿಜವಾಗಿ ಗಮನ ಕೊಡಬೇಕಾದ ಹೊತ್ತಿನಲ್ಲಿ ‘ಎಲ್ಲ ಮುಗಿಯಿತು’ ಎಂದು ಮನೆಗೆ ಕಳಿಸಲಾಯಿತು. ಯಾಕೆಂದರೆ ಉಪಗ್ರಹಗಳ ಮಟ್ಟಿಗೆ ಅತಿ ದೊಡ್ಡ ಅಪಾಯಗಳಲ್ಲಿ ಒಂದಾದ ವಿಕಿರಣ ಪಟ್ಟಿಯ ಎಲೆಕ್ಟ್ರಾನುಗಳ ಕಥೆ ಬಿರುಗಾಳಿಯ ರಾತ್ರಿಯಲ್ಲಿ ಮುಗಿಯುವುದಿಲ್ಲ, ಅನೇಕ ಸಲ ಅದು ಎರಡು ಮೂರು ದಿನ ಕಳೆದ ಮೇಲೆ ಏರುತ್ತದೆ. ಕೆಲವೊಮ್ಮೆ ಬಿರುಗಾಳಿಯೆಂದು ಕರೆಯಬಹುದಾದ ಏನೂ ನಡೆಯದೆ ಏರುತ್ತದೆ. ಇನ್ನು ಕೆಲವೊಮ್ಮೆ, ಭಾರೀ ಬಿರುಗಾಳಿಯೇ ಬಂದು ಅದನ್ನು ತಗ್ಗಿಸಿ ಹೋಗುತ್ತದೆ. ಈ ಮೂರು ವಾಕ್ಯಗಳನ್ನು ಹೇಳಲು ಕನ್ನಡಕ್ಕೆ ಶಕ್ತಿಯಿಲ್ಲವೇ? ಇದೆ. ಹೇಳುವವರಿಗೆ ವ್ಯವಧಾನವಿಲ್ಲ.

*

ತಪ್ಪು ಶುರುವಾಗುವುದು ಹೆಸರಿನಲ್ಲಿ. ಸೂರ್ಯನಿಂದ ಸದಾ ಹೊರಹರಿಯುವ ಕಣಗಳ ಪ್ರವಾಹಕ್ಕೆ ಕನ್ನಡದಲ್ಲಿ ‘ಸೌರಮಾರುತ’ ಎನ್ನುತ್ತಾರೆ. ಭೂಮಿಯ ಕಾಂತಕ್ಷೇತ್ರ ಕಲಕಿಹೋಗುವುದಕ್ಕೆ ‘ಸೌರ ಚಂಡಮಾರುತ’ ಎನ್ನುತ್ತಾರೆ. ಮಾರುತಕ್ಕೆ ಒಂದು ‘ಚಂಡ’ ಸೇರಿಸಿದರೆ ಓದುವವನಿಗೆ ಏನು ಅನ್ನಿಸಬೇಕು? ಅದೇ ಗಾಳಿ ಇನ್ನಷ್ಟು ಜೋರಾಗಿ ಬೀಸಿತು ಎಂದೇ ಅಲ್ಲವೇ? ಆದರೆ ಒಂದು ಸೂರ್ಯನಿಂದ ಹೊರಟುಬರುವ ವಸ್ತು, ಇನ್ನೊಂದು ಭೂಮಿಯ ಸುತ್ತ ಆಗುವ ಪರಿಣಾಮ. ಗಾಳಿ ಜೋರಾಗಿದ್ದೂ ಕಾಂತಕ್ಷೇತ್ರ ಹೆಚ್ಚು ಕಲಕದೆ ಇರಬಹುದು. ಆ ಗಾಳಿ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದೊಡನೆ ಅದು ಬೆಸೆದುಕೊಂಡು ಶಕ್ತಿಗೆ ಬಾಗಿಲು ತೆರೆಯುತ್ತದೆ. ಉತ್ತರಕ್ಕೆ ತಿರುಗಿದ್ದರೆ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ವೇಗದಷ್ಟೇ ದಿಕ್ಕೂ ಮುಖ್ಯ. ‘ಚಂಡ’ ಎಂಬ ವಿಶೇಷಣದಲ್ಲಿ ದಿಕ್ಕಿಗೆ ಜಾಗವೇ ಇಲ್ಲ.

ಈ ಹೆಸರು ಹುಟ್ಟಿದ ಬಗೆಯೂ ತಿಳಿಯಬೇಕಾದದ್ದು. ‘ಕಾಂತ ಬಿರುಗಾಳಿ’ ಎಂಬ ಅರ್ಥದ ಮಾತನ್ನು ಮೊದಲು ಟಂಕಿಸಿದವನು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. 1806ರಲ್ಲಿ ಬರ್ಲಿನ್ನಿನಲ್ಲಿ ರಾತ್ರಿಯಿಡೀ ಎದ್ದು ಕೂತು ಕಾಂತಸೂಜಿಯ ಅಲುಗಾಟವನ್ನು ಗುರುತು ಹಾಕಿಕೊಳ್ಳುತ್ತಿದ್ದ ಅವನಿಗೆ ಸೂಜಿ ಹುಚ್ಚು ಹಿಡಿದಂತೆ ಆಡುವುದು ಕಂಡಿತು. ಅದಕ್ಕೆ ಇಟ್ಟ ಹೆಸರು ಅದು. ಅಂದರೆ ನೆಲದ ಮೇಲಿನ ಒಂದು ಸೂಜಿಯ ನಡವಳಿಕೆಗೆ ಇಟ್ಟ ಹೆಸರು. ಸೌರಮಾರುತ ಎಂಬುದೊಂದಿದೆ ಎಂದೇ ಆಗ ಯಾರಿಗೂ ಗೊತ್ತಿರಲಿಲ್ಲ. ಭೂಮಿಯ ಸುತ್ತ ಎಲೆಕ್ಟ್ರಾನುಗಳ ಉಂಗುರವಿದೆ ಎಂದು ತಿಳಿಯಲು ಇನ್ನೂ ಒಂದೂವರೆ ಶತಮಾನ ಬೇಕಿತ್ತು.

ಆ ಸೂಜಿಯ ಚರಿತ್ರೆಯಲ್ಲಿ ಮುಂಬೈಗೆ ದೊಡ್ಡ ಪಾಲಿದೆ. ಕೊಲಾಬಾದ ವೀಕ್ಷಣಾಲಯದಲ್ಲಿ 1840ರ ದಶಕದಿಂದ ಭೂಕಾಂತದ ಅಳತೆ ನಡೆಯುತ್ತಿತ್ತು. 1859ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಇಂದಿಗೂ ದಾಖಲೆಯಾಗಿರುವ ಕ್ಯಾರಿಂಗ್ಟನ್ ಘಟನೆಯ ಹೊತ್ತಿಗೆ, ಅಲ್ಲಿ ಕ್ಷೇತ್ರದ ಸಮತಲ ಘಟಕ ಸುಮಾರು 1600 ನ್ಯಾನೊಟೆಸ್ಲದಷ್ಟು ಕುಸಿದದ್ದು ದಾಖಲಾಯಿತು. 2024ರ ಮೇ ತಿಂಗಳ ಬಿರುಗಾಳಿಯ ಜಾಗತಿಕ ಸೂಚ್ಯಂಕ ಇಳಿದದ್ದು ಸುಮಾರು 400 ನ್ಯಾನೊಟೆಸ್ಲ. ಮುಂಬೈಗೆ ವಿದ್ಯುತ್ ಟ್ರಾಮು ಬರುತ್ತದೆ, ಅದರ ಪ್ರವಾಹ ಸೂಜಿಯನ್ನು ಕೆಡಿಸುತ್ತದೆ ಎಂದು 1904ರಲ್ಲಿ ಈ ಕೆಲಸವನ್ನು ಅಲಿಬಾಗಿಗೆ ಸಾಗಿಸಿದರು. ಇಂದಿಗೂ ಅದು ಅಲ್ಲಿ ನಡೆಯುತ್ತಿದೆ. ನವಿ ಮುಂಬೈಯ ಪನ್ವೇಲಿನಲ್ಲಿರುವ ಭಾರತೀಯ ಭೂಕಾಂತ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ವಾರಾಂತ್ಯಕ್ಕೆ ಅಲಿಬಾಗಿನ ಕಡಲ ದಂಡೆಗೆ ಹೋಗಿಬರುವ ಮುಂಬೈ ಕನ್ನಡಿಗರು ಆ ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತಾರೆ.

ಸೂಜಿಯ ಬೆಲೆಯನ್ನು ಇಲ್ಲಿ ಯಾರೂ ತಗ್ಗಿಸುತ್ತಿಲ್ಲ. ಆದರೆ ಅದು ಹೇಳುವುದು ಅದಕ್ಕೆ ಗೊತ್ತಿರುವುದನ್ನು ಮಾತ್ರ. ಜಿ1ರಿಂದ ಜಿ5ರವರೆಗಿನ ಮೆಟ್ಟಿಲುಗಳು ನಿಂತಿರುವುದು ಕೆಪಿ ಎಂಬ ಸೂಚ್ಯಂಕದ ಮೇಲೆ. ಆ ‘ಕೆ’ ಜರ್ಮನ್ನಿನ ‘ಕೆನ್‌ತ್ಸಿಫರ್’, ಎಂದರೆ ಗುರುತಿನ ಅಂಕಿ; ‘ಪಿ’ ಇಡೀ ಗ್ರಹಕ್ಕೆ ಸಂಬಂಧಿಸಿದ್ದು. ನೆಲದ ಮೇಲಿನ ಕೆಲವು ಕೇಂದ್ರಗಳ ಸೂಜಿಗಳು ಮೂರು ಮೂರು ಗಂಟೆಗೆ ಎಷ್ಟು ಅಲುಗಿದವು ಎಂಬ ಲೆಕ್ಕ ಅದು. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಎಷ್ಟು ಎಲೆಕ್ಟ್ರಾನ್ ಇದೆ ಎಂದು ಅದನ್ನು ಕೇಳಿದರೆ ಏನು ಹೇಳೀತು?

*

ಆ ಎತ್ತರದಲ್ಲಿ ಏನಿದೆ ಎಂದು ಗೊತ್ತಾದದ್ದೇ ಒಂದು ಸೊನ್ನೆಯಿಂದ. 1958ರ ಜನವರಿ 31ರಂದು ಅಮೆರಿಕ ತನ್ನ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಅನ್ನು ಹಾರಿಸಿತು. ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವಾನ್ ಅಲೆನ್ ಅದರೊಳಗೆ ಗೈಗರ್ ಎಣಿಕೆಗಾರವೊಂದನ್ನು ಇರಿಸಿದ್ದ. ಕೆಳಗಿನ ಎತ್ತರಗಳಲ್ಲಿ ಅದು ನಿರೀಕ್ಷೆಯಂತೆ ಎಣಿಸಿತು. ಮೇಲಕ್ಕೆ ಹೋದಾಗ ಎಣಿಕೆ ಸೊನ್ನೆ. ಮಾರ್ಚ್‌ನಲ್ಲಿ ಟೇಪ್ ರೆಕಾರ್ಡರ್ ಸಮೇತ ಹೋದ ಎಕ್ಸ್‌ಪ್ಲೋರರ್ 3 ಕೂಡ ಅದನ್ನೇ ತೋರಿಸಿತು. ಉಪಕರಣ ಕೆಟ್ಟಿರಲಿಲ್ಲ. ಕಣಗಳು ಎಷ್ಟಿದ್ದವೆಂದರೆ ಎಣಿಕೆಗಾರಕ್ಕೆ ಒಂದು ಎಣಿಕೆಗೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಬಿಡುವಿರಲಿಲ್ಲ, ಅದು ಕಟ್ಟಿಕೊಂಡು ಕೂತಿತ್ತು. ಪ್ರಯೋಗಾಲಯದಲ್ಲಿ ಅಂಥದೇ ಉಪಕರಣದ ಮೇಲೆ ಜೋರಾಗಿ ಕ್ಷ-ಕಿರಣ ಹಾಯಿಸಿ ಇದನ್ನು ಖಚಿತಪಡಿಸಿಕೊಂಡರು. ಮೇ 1ರಂದು ವಾನ್ ಅಲೆನ್ ಅದನ್ನು ಜಗತ್ತಿಗೆ ಹೇಳಿದ. ಭೂಮಿಯ ಸುತ್ತ ವಿಕಿರಣ ಪಟ್ಟಿಗಳಿರುವುದು ಗೊತ್ತಾದದ್ದು ಹಾಗೆ. ಸೊನ್ನೆಯನ್ನು ಸೊನ್ನೆಯೆಂದೇ ಓದಿದ್ದರೆ ಆ ಪಟ್ಟಿಗಳು ಅಂದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪಟ್ಟಿಗಳು ಎರಡು. ಒಳಗಿನದರಲ್ಲಿ ಮುಖ್ಯವಾಗಿ ಪ್ರಬಲ ಪ್ರೋಟಾನುಗಳು. ಅದು ಸುಲಭಕ್ಕೆ ಕದಲುವುದಿಲ್ಲ. ಸುಮಾರು 13,000ದಿಂದ 60,000 ಕಿಲೋಮೀಟರ್ ಎತ್ತರದವರೆಗೆ ಹಬ್ಬಿರುವ ಹೊರಗಿನದು ಎಲೆಕ್ಟ್ರಾನುಗಳದ್ದು, ಅದು ಚಂಚಲ. ‘ವಿಕಿರಣ’ ಎಂಬ ಪದದೊಳಗೆ ‘ಕಿರಣ’ ಕೂತಿರುವುದರಿಂದ ಇದು ಆಸ್ಪತ್ರೆಯ ಎಕ್ಸ್‌ರೇಯಂಥದ್ದು, ಅಣುಸ್ಥಾವರದ ಸೋರಿಕೆಯಂಥದ್ದು ಎಂದು ಕನ್ನಡದ ಓದುಗ ಊಹಿಸಿಕೊಳ್ಳುತ್ತಾನೆ. ಅಲ್ಲಿ ಕಿರಣವಿಲ್ಲ. ಭೂಮಿಯ ಕಾಂತಕ್ಷೇತ್ರದಲ್ಲಿ ಸೆರೆಸಿಕ್ಕ ಕಣಗಳಿವೆ. ಒಂದೊಂದು ಎಲೆಕ್ಟ್ರಾನೂ ಮೂರು ಬಗೆಯಲ್ಲಿ ಓಡಾಡುತ್ತದೆ. ಕಾಂತರೇಖೆಯನ್ನು ಸುತ್ತಿ ಸುತ್ತಿ ಗಿರಕಿ ಹೊಡೆಯುತ್ತದೆ. ಉತ್ತರ ದಕ್ಷಿಣಗಳ ನಡುವೆ ಪುಟಿಯುತ್ತದೆ. ಜೊತೆಗೆ ನಿಧಾನವಾಗಿ ಭೂಮಿಗೆ ಪ್ರದಕ್ಷಿಣೆ ಹಾಕುತ್ತದೆ. ಭೂಸ್ಥಿರ ಕಕ್ಷೆಯ ದೂರದಲ್ಲಿ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನಿಗೆ ಒಂದು ಗಿರಕಿಗೆ ಬೇಕಾದದ್ದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು, ಪುಟಿತಕ್ಕೆ ಒಂದು ಸೆಕೆಂಡಿಗಿಂತ ಕಡಿಮೆ, ಪ್ರದಕ್ಷಿಣೆಗೆ ಸುಮಾರು ಹತ್ತು ನಿಮಿಷ.

ಈಗ ಪ್ರಶ್ನೆ. ಬಿರುಗಾಳಿ ಬಂದಾಗ ಈ ಎಲೆಕ್ಟ್ರಾನುಗಳು ಹೆಚ್ಚುತ್ತವೋ ಕಡಿಮೆಯಾಗುತ್ತವೋ? ‘ಚಂಡಮಾರುತ’ವನ್ನು ನಂಬಿದವರು ಹೆಚ್ಚುತ್ತವೆ ಎನ್ನುತ್ತಾರೆ. ಲಾಸ್ ಅಲಮೋಸ್ ಪ್ರಯೋಗಾಲಯದ ಜೆಫ್ರಿ ರೀವ್ಸ್ ಮತ್ತು ಸಂಗಡಿಗರು 1989ರಿಂದ 2000ದವರೆಗಿನ 276 ಬಿರುಗಾಳಿಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡಿದರು. 2003ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ: ಶೇ 53ರಷ್ಟು ಬಿರುಗಾಳಿಗಳು ಎಲೆಕ್ಟ್ರಾನುಗಳನ್ನು ಹೆಚ್ಚಿಸಿದವು, ಶೇ 19ರಷ್ಟು ತಗ್ಗಿಸಿದವು, ಶೇ 28ರಷ್ಟು ಹೇಳಿಕೊಳ್ಳುವಂಥ ಬದಲಾವಣೆಯನ್ನೇ ಮಾಡಲಿಲ್ಲ. ಸೂಜಿಯ ಲೆಕ್ಕದಲ್ಲಿ ಬಿರುಗಾಳಿ ಎಷ್ಟು ದೊಡ್ಡದು ಎಂಬುದಕ್ಕೂ ಕೊನೆಗೆ ಉಳಿದ ಎಲೆಕ್ಟ್ರಾನುಗಳ ಪ್ರಮಾಣಕ್ಕೂ ತಾಳೆಯೇ ಆಗಲಿಲ್ಲ.

*

ಇದು ವಿಚಿತ್ರವೆನ್ನಿಸಿದರೆ ಕನ್ನಡ ಪತ್ರಿಕೆಯ ಇನ್ನೊಂದು ಮೂಲೆಯನ್ನು ನೋಡಬೇಕು. ಮಳೆಗಾಲದಲ್ಲಿ ಅಲ್ಲಿ ದಿನವೂ ಒಂದು ಪಟ್ಟಿ ಬರುತ್ತದೆ. ಕೆ.ಆರ್.ಎಸ್., ಕಬಿನಿ, ಹೇಮಾವತಿ, ತುಂಗಭದ್ರಾ, ಆಲಮಟ್ಟಿ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯದ ರೈತನಿಂದ ಹಿಡಿದು ಚೆನ್ನೈಯಲ್ಲಿ ಕೂತು ಮೆಟ್ಟೂರಿನ ಮಟ್ಟವನ್ನೂ ಕೆ.ಆರ್.ಎಸ್. ಮಟ್ಟವನ್ನೂ ಒಟ್ಟಿಗೆ ನೋಡಬೇಕಾದ ಕನ್ನಡಿಗನವರೆಗೆ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಕೊಡಗಿನಲ್ಲಿ ಧಾರಾಕಾರ ಮಳೆ ಎಂದ ಮಾತ್ರಕ್ಕೆ ಕಟ್ಟೆಯ ಮಟ್ಟ ಏರಿತೆಂದು ಅವರು ತಿಳಿಯುವುದಿಲ್ಲ. ಗೇಟು ತೆರೆದಿದೆಯೋ ಇಲ್ಲವೋ ಎಂದು ಕೇಳುತ್ತಾರೆ.

ಹೊರಪಟ್ಟಿಯ ಲೆಕ್ಕವೂ ಇಷ್ಟೇ. ಕಾಂತಕ್ಷೋಭೆ ಒಳಹರಿವನ್ನೂ ಹೆಚ್ಚಿಸುತ್ತದೆ, ಕ್ರೆಸ್ಟ್ ಗೇಟುಗಳನ್ನೂ ಎತ್ತುತ್ತದೆ. ಯಾವುದು ಗೆಲ್ಲುತ್ತದೆ ಎಂಬುದರ ಮೇಲೆ ಮಟ್ಟ.

ಒಳಹರಿವು ಬರುವುದು ಹೀಗೆ. ಕ್ಷೋಭೆಯ ಹೊತ್ತಿಗೆ ಭೂಮಿಯ ರಾತ್ರಿಯ ಕಡೆಯಿಂದ ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳು ಒಳಕ್ಕೆ ನುಗ್ಗುತ್ತವೆ. ಅವು ‘ಕೋರಸ್’ ಎಂಬ ಅಲೆಗಳನ್ನು ಎಬ್ಬಿಸುತ್ತವೆ. ಇವು ರೇಡಿಯೊ ಅಲೆಗಳು. ಇವುಗಳ ಆವರ್ತನ ಕಿವಿಗೆ ಕೇಳುವ ಶಬ್ದದ ಆವರ್ತನದಷ್ಟೇ ಇರುವುದರಿಂದ ಧ್ವನಿಯಾಗಿ ಬದಲಿಸಿದರೆ ಬೆಳಗಿನ ಜಾವದ ಹಕ್ಕಿಗಳ ಚಿಲಿಪಿಲಿಯಂತೆ ಕೇಳಿಸುತ್ತವೆ. ನಡುಮಟ್ಟದ ಶಕ್ತಿಯ ಎಲೆಕ್ಟ್ರಾನುಗಳು ಬಿತ್ತನೆ ಬೀಜ ಇದ್ದ ಹಾಗೆ. ಕೋರಸ್ ಅಲೆಗಳು ಅವನ್ನು ಮತ್ತೆ ಮತ್ತೆ ತಳ್ಳಿ, ಒಂದೆರಡು ದಿನಗಳಲ್ಲಿ ಬೆಳಕಿನ ವೇಗದ ಹತ್ತಿರಕ್ಕೆ ಒಯ್ಯುತ್ತವೆ. 2012ರ ಆಗಸ್ಟ್ 30ರಂದು ಹಾರಿದ ನಾಸಾದ ಜೋಡಿ ವಾನ್ ಅಲೆನ್ ಶೋಧಕಗಳು ಆ ಅಕ್ಟೋಬರ್‌ನಲ್ಲೇ ಇದನ್ನು ಪಟ್ಟಿಯ ಒಡಲಲ್ಲಿ ನಿಂತು ಕಂಡವು.

ಹೊರಹರಿವಿನ ದಾರಿ ಎರಡು. ಸೌರಮಾರುತದ ಒತ್ತಡ ಹೆಚ್ಚಾದರೆ ಕಾಂತಗೋಳದ ಹೊರಗೋಡೆ ಒಳಕ್ಕೆ ಕುಸಿಯುತ್ತದೆ. ಪ್ರದಕ್ಷಿಣೆ ಹಾಕುತ್ತಿದ್ದ ಎಲೆಕ್ಟ್ರಾನು ಸೂರ್ಯನ ಕಡೆಗೆ ಬಂದಾಗ ತನ್ನ ದಾರಿಯಲ್ಲಿ ಗೋಡೆಯೇ ಇಲ್ಲದೆ ಹೊರಕ್ಕೆ ಹೋಗಿಬಿಡುತ್ತದೆ. ಎರಡನೆಯದು, ಬೇರೆ ಕೆಲವು ಅಲೆಗಳು ಎಲೆಕ್ಟ್ರಾನುಗಳ ದಿಕ್ಕನ್ನು ಕೆಡಿಸಿ ವಾತಾವರಣದೊಳಕ್ಕೆ ಚೆಲ್ಲಿಬಿಡುತ್ತವೆ. ಇದರ ಮೇಲೆ ಇನ್ನೊಂದು ಮಾಯೆ: ಬಿರುಗಾಳಿಯಲ್ಲಿ ಕಾಂತಕ್ಷೇತ್ರವೇ ಸಡಿಲವಾಗುವುದರಿಂದ ಎಲೆಕ್ಟ್ರಾನುಗಳ ಸುತ್ತುಗಳು ಹಿಗ್ಗುತ್ತವೆ, ಒಂದೇ ಜಾಗದಲ್ಲಿ ಅಳೆಯುವವನಿಗೆ ಎಣಿಕೆ ಬಿದ್ದುಹೋದಂತೆ ತೋರುತ್ತದೆ. ಬಿರುಗಾಳಿ ಇಳಿದ ಮೇಲೆ ಅವೇ ಎಲೆಕ್ಟ್ರಾನುಗಳು ಹಿಂದಕ್ಕೆ ಬರುತ್ತವೆ.

2024ರ ಮೇ ತಿಂಗಳ ಕಥೆಯ ಮುಂದಿನ ಭಾಗ ಇದಕ್ಕೆ ಸಾಕ್ಷಿ. ಕೊಲೊರಾಡೊ ವಿಶ್ವವಿದ್ಯಾಲಯದವರು ರೂಪಿಸಿದ ಸರ್ಬಿ ಎಂಬ ಪುಟ್ಟ ಉಪಗ್ರಹ ಏಪ್ರಿಲ್‌ನಲ್ಲಿ ಮೌನವಾಗಿ, ಜೂನ್‌ನಲ್ಲಿ ಮತ್ತೆ ಮಾತಾಡತೊಡಗಿತು. ನೋಡಿದರೆ ಎರಡು ಹಳೆಯ ಪಟ್ಟಿಗಳ ನಡುವೆ ಹೊಸದಾಗಿ ಇನ್ನೆರಡು ಹುಟ್ಟಿಕೊಂಡಿದ್ದವು. ಒಂದು ಪ್ರೋಟಾನಿನದ್ದು, ಇನ್ನೊಂದು ಎಲೆಕ್ಟ್ರಾನಿನದ್ದು. ಎಲೆಕ್ಟ್ರಾನಿನ ಆ ಪಟ್ಟಿ ಸುಮಾರು ಮೂರು ತಿಂಗಳು ಬಾಳಿತು. ಕೊನೆಗೆ ಅದನ್ನು ಕರಗಿಸಿದ್ದು ಯಾವುದು? ಜೂನ್ ಕೊನೆಯಲ್ಲಿ ಒಂದು, ಆಗಸ್ಟ್‌ನಲ್ಲಿ ಮತ್ತೊಂದು ಬಿರುಗಾಳಿ. ಒಂದು ಬಿರುಗಾಳಿ ಕಟ್ಟಿತು, ಎರಡು ಬಿರುಗಾಳಿಗಳು ಕೆಡವಿದವು. ಮೇ ತಿಂಗಳಲ್ಲಿ ಮೊದಲ ಪುಟದಲ್ಲಿ ಗುಡುಗಿದ ಕನ್ನಡ ಮಾಧ್ಯಮ ಈ ಮೂರು ತಿಂಗಳ ಕಥೆಗೆ ಎಷ್ಟು ಸಾಲು ಕೊಟ್ಟಿತು ಎಂದು ಹುಡುಕಲು ಹೊರಟವರು ಬೇಗ ವಾಪಸಾಗಬಹುದು.

*

‘ಸಾಮಾನ್ಯ ಓದುಗನಿಗೆ ಇಷ್ಟೆಲ್ಲ ಯಾಕೆ?’ ಎಂಬುದು ಸಿದ್ಧ ಉತ್ತರ. ಇದೇ ಸಾಮಾನ್ಯ ಓದುಗನಿಗೆ ಉಪಗ್ರಹ ಸುಟ್ಟುಹೋಗುತ್ತದೆ ಎಂದು ಹೆದರಿಸುವಾಗ ಈ ಪ್ರಶ್ನೆ ಏಳಲಿಲ್ಲ. ಹೆದರಿಸುವಷ್ಟು ವಿಷಯ ಬೇಕು, ತಿಳಿಸುವಷ್ಟು ಬೇಡ ಎಂಬುದು ಯಾವ ನ್ಯಾಯ?

ಉಪಗ್ರಹಕ್ಕೆ ನಿಜವಾಗಿ ಆಗುವುದೇನು ಎಂಬುದಕ್ಕೆ 1994ರ ಜನವರಿ 20 ಒಳ್ಳೆಯ ಪಾಠ. ಅಂದು ಕೆನಡಾದ ಅನಿಕ್ ಇ1, ಅನಿಕ್ ಇ2 ಎಂಬ ಎರಡು ಸಂಪರ್ಕ ಉಪಗ್ರಹಗಳು ಒಂದರ ಹಿಂದೆ ಒಂದು ದಿಕ್ಕು ತಪ್ಪಿ ತಿರುಗತೊಡಗಿದವು. ಮೊದಲನೆಯದನ್ನು ಗಂಟೆಗಳಲ್ಲಿ ಸರಿಪಡಿಸಿದರು, ಎರಡನೆಯದಕ್ಕೆ ತಿಂಗಳುಗಳೇ ಹಿಡಿದವು. ಅಂದು ಯಾವ ಮಹಾ ಬಿರುಗಾಳಿಯೂ ಇರಲಿಲ್ಲ. ಸೂರ್ಯನ ಕರೋನಾದಲ್ಲಿ ತೆರೆದ ರಂಧ್ರದಿಂದ ವೇಗದ ಸೌರಮಾರುತ ಹಲವು ದಿನ ಬೀಸಿತ್ತು. ಹೊರಪಟ್ಟಿಯಲ್ಲಿ ಪ್ರಬಲ ಎಲೆಕ್ಟ್ರಾನುಗಳು ದಿನಗಟ್ಟಲೆ ಏರಿದ ಮಟ್ಟದಲ್ಲೇ ಇದ್ದವು. ಇಂಥ ಎಲೆಕ್ಟ್ರಾನು ಉಪಗ್ರಹದ ಲೋಹದ ಹೊದಿಕೆಯನ್ನು ತೂರಿ ಒಳಗಿನ ಕೇಬಲ್ಲಿನ ನಿರೋಧಕ ಕವಚದಲ್ಲೋ ಸರ್ಕಿಟ್ ಹಲಗೆಯಲ್ಲೋ ಹೂತುಕೊಳ್ಳುತ್ತದೆ. ಒಂದು ಎಲೆಕ್ಟ್ರಾನಿನಿಂದ ಏನೂ ಆಗುವುದಿಲ್ಲ. ದಿನಗಟ್ಟಲೆ ಕೂಡುತ್ತ ಹೋದಾಗ, ಆ ಕವಚ ತಡೆಯಲಾರದ ಘಳಿಗೆಯಲ್ಲಿ, ಒಳಗೇ ಒಂದು ಪುಟ್ಟ ಸಿಡಿಲು ಹೊಡೆಯುತ್ತದೆ. ಅನಿಕ್‌ಗಳಲ್ಲಿ ದಿಕ್ಕು ಕಾಯುವ ಚಕ್ರದ ನಿಯಂತ್ರಣ ಸರ್ಕಿಟ್ಟು ಹೀಗೆ ಹೋಯಿತೆಂಬುದು ತಜ್ಞರ ತೀರ್ಮಾನ.

ಇನ್ನೊಂದು ಪಾಠ 2022ರ ಫೆಬ್ರವರಿಯದು. ಒಂದು ಸಾಧಾರಣ ಬಿರುಗಾಳಿಗೆ ಸಿಕ್ಕಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಬಿದ್ದುಹೋದವು. ಅದು ಎಲೆಕ್ಟ್ರಾನುಗಳ ಕೆಲಸವಲ್ಲ. ಬಿರುಗಾಳಿಯಿಂದ ಮೇಲಿನ ವಾತಾವರಣ ಕಾದು ಉಬ್ಬಿ, ಕೆಳಗಿನ ಕಕ್ಷೆಯಲ್ಲಿದ್ದ ಅವಕ್ಕೆ ಗಾಳಿಯ ಎಳೆತ ಹೆಚ್ಚಾಗಿತ್ತು. ರೋಗ ಬೇರೆ, ಕಾಲ ಬೇರೆ, ಎತ್ತರ ಬೇರೆ. ‘ಚಂಡಮಾರುತದಿಂದ ಉಪಗ್ರಹಕ್ಕೆ ಹಾನಿ’ ಎಂಬ ಒಂದೇ ವಾಕ್ಯ ಎರಡನ್ನೂ ನುಂಗಿಬಿಡುತ್ತದೆ. ಜ್ವರ ಎಂದಷ್ಟೇ ಬರೆದು ಮಲೇರಿಯಾವೋ ಟೈಫಾಯಿಡೋ ಹೇಳದ ವೈದ್ಯನಿಗೆ ಜನ ಎಷ್ಟು ದಿನ ಫೀಸು ಕೊಟ್ಟಾರು?

ತಪ್ಪು ಕನ್ನಡದ್ದಷ್ಟೇ ಅಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಕೇಂದ್ರ ಇಟ್ಟುಕೊಂಡಿರುವ ಮೂರು ಅಳತೆಗೋಲುಗಳಲ್ಲಿ ಜಿ ಕಾಂತಕ್ಷೋಭೆಗೆ, ಎಸ್ ಸೂರ್ಯನಿಂದ ಬರುವ ಪ್ರೋಟಾನುಗಳಿಗೆ, ಆರ್ ರೇಡಿಯೊ ಅಡಚಣೆಗೆ. ಹೊರಪಟ್ಟಿಯ ಎಲೆಕ್ಟ್ರಾನುಗಳಿಗೆ ಅಂಥ ಮೆಟ್ಟಿಲುಗಳಿಲ್ಲ. ಇಪ್ಪತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚು ಶಕ್ತಿಯವುಗಳ ಹರಿವು ಭೂಸ್ಥಿರ ಕಕ್ಷೆಯಲ್ಲಿ ಒಂದು ಸಾವಿರದ ಗಡಿ ದಾಟಿದರೆ ಎಚ್ಚರಿಕೆಯೊಂದು ಹೊರಡುತ್ತದೆ. ಅದಕ್ಕೆ ಜಿ5ರಂಥ ಠೀವಿಯ ಹೆಸರಿಲ್ಲ, ಹೆಸರಿಲ್ಲದ್ದು ತಲೆಬರಹವಾಗುವುದಿಲ್ಲ. ಅಲ್ಲಿ ಬಿಟ್ಟುಹೋದದ್ದನ್ನು ಇಲ್ಲಿಯೂ ಬಿಡಬೇಕು ಎಂದು ಅನುವಾದದ ಯಾವ ನಿಯಮವೂ ಹೇಳುವುದಿಲ್ಲ.

‘ಕನ್ನಡದಲ್ಲಿ ಪದಗಳಿಲ್ಲ’ ಎಂಬ ಎರಡನೆಯ ನೆಪಕ್ಕೆ ಉತ್ತರ ಇನ್ನೂ ಚಿಕ್ಕದು. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದ ಭಾಷೆ ಇದು. ಒಳಹರಿವು, ಹೊರಹರಿವು, ಬಿತ್ತನೆ, ಸೆರೆ, ಕ್ಷೋಭೆ: ಮೇಲಿನ ಇಡೀ ಕಥೆಗೆ ಬೇಕಾದದ್ದು ಹೆಚ್ಚುಕಡಿಮೆ ಇವಿಷ್ಟೇ. ಇವು ನಿಘಂಟಿನಲ್ಲಿ ಅವಿತಿಲ್ಲ, ಬಾಯಲ್ಲೇ ಇವೆ. ಎಲೆಕ್ಟ್ರಾನು, ಕೋರಸ್ಸು ಹಾಗೆಯೇ ಇದ್ದರೂ ಯಾರಿಗೂ ತೊಂದರೆಯಿಲ್ಲ. ಕೊರತೆ ಇರುವುದು ಪದಕ್ಕಲ್ಲ. ಇಂಗ್ಲಿಷಿನ ತಲೆಬರಹವನ್ನು ಎತ್ತಿ ಕನ್ನಡದ ಅಚ್ಚಿಗೆ ಹಾಕುವ ಮೊದಲು ‘ಇದು ಏನು ಹೇಳುತ್ತಿದೆ’ ಎಂದು ಹತ್ತು ನಿಮಿಷ ಕೂತು ಯೋಚಿಸುವ ಅಭ್ಯಾಸಕ್ಕೆ.

*

ಇದು ಬರೀ ಪದಗಳ ಜಗಳವೂ ಅಲ್ಲ. ಭಾರತದ ಭೂಸ್ಥಿರ ಉಪಗ್ರಹಗಳೂ ದಾರಿ ತೋರಿಸುವ ನಾವಿಕ್ ಉಪಗ್ರಹಗಳೂ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಎಂದರೆ ಹೊರಪಟ್ಟಿಯ ಒಳಗೇ. ಅವುಗಳ ನಾಡಿ ಹಿಡಿದು ಕೂತಿರುವ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಹಾಸನದಲ್ಲಿ. ಉಪಗ್ರಹಗಳನ್ನು ಕಟ್ಟುವ ಯು.ಆರ್. ರಾವ್ ಕೇಂದ್ರ ಬೆಂಗಳೂರಿನಲ್ಲಿ. ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೌರಮಾರುತವನ್ನೂ ಅದರ ಕಾಂತಕ್ಷೇತ್ರದ ದಿಕ್ಕನ್ನೂ ಅಳೆಯುತ್ತಿರುವ ಆದಿತ್ಯ-ಎಲ್1ರ ಉಡಾವಣೆಯನ್ನು ಕನ್ನಡ ವಾಹಿನಿಗಳು ದಿನವಿಡೀ ತೋರಿಸಿದ್ದವು. ಉಡಾವಣೆಯ ದಿನ ಚಪ್ಪಾಳೆ ಹೊಡೆಸಿದವರಿಗೆ, ಅದು ಅಳೆಯುವುದು ಯಾತಕ್ಕೆ ಎಂದು ಹೇಳುವ ಹೊಣೆ ಇಲ್ಲವೇ?

ಮುಂದಿನ ವರ್ಷಗಳು ಇದಕ್ಕೆ ಪರೀಕ್ಷೆ. ಸೂರ್ಯ ತನ್ನ ಚಕ್ರದ ಗರಿಷ್ಠ ಹಂತ ಮುಟ್ಟಿದ್ದಾನೆಂದು 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸ್ಥೆಗಳು ಘೋಷಿಸಿದವು. ಅಲ್ಲಿಂದ ಮುಂದಿನದು ಇಳಿಗಾಲ. ಇಳಿಗಾಲದಲ್ಲಿ ಕಲೆಗಳು ಕಡಿಮೆಯಾಗುತ್ತವೆ, ಜಿ5ಗಳು ಅಪರೂಪವಾಗುತ್ತವೆ, ಸುದ್ದಿಮನೆಗಳಿಗೆ ಸೂರ್ಯ ಮರೆತುಹೋಗುತ್ತಾನೆ. ಕರೋನಾದ ರಂಧ್ರಗಳಿಂದ ಬರುವ ವೇಗದ ಮಾರುತ ಸೂರ್ಯನ ಪ್ರತಿ ಸುತ್ತಿಗೂ, ಸುಮಾರು 27 ದಿನಕ್ಕೊಮ್ಮೆ, ಮರಳಿ ಮರಳಿ ಬೀಸುವುದೂ ಹೊರಪಟ್ಟಿಯನ್ನು ಪ್ರಬಲ ಎಲೆಕ್ಟ್ರಾನುಗಳಿಂದ ತುಂಬಿಸುವುದೂ ಮುಖ್ಯವಾಗಿ ಆ ಹಂತದಲ್ಲೇ. ಅನಿಕ್‌ಗಳು ದಿಕ್ಕು ತಪ್ಪಿದ 1994 ಅಂಥದೇ ಇಳಿಗಾಲದ ವರ್ಷ.

ಕೇಳುವುದು ಹೆಚ್ಚೇನಿಲ್ಲ. ಭೂಮಿಯ ಕಾಂತಕ್ಷೇತ್ರ ಕಲಕಿದ್ದಕ್ಕೆ ‘ಕಾಂತಕ್ಷೋಭೆ’ ಎನ್ನಿ, ಗಾಳಿಯನ್ನು ಗಾಳಿಗೇ ಬಿಡಿ. ಉಪಗ್ರಹಕ್ಕೆ ಅಪಾಯ ಎಂದು ಬರೆದರೆ ಯಾವ ಎತ್ತರದ್ದಕ್ಕೆ, ಯಾವುದರಿಂದ, ಯಾವ ದಿನ ಎಂದೂ ಬರೆಯಿರಿ. ಮೊದಲ ದಿನದ ಸುದ್ದಿ ಮಾಡಿದವರು ಐದನೆಯ ದಿನವೂ ಒಂದು ಸಾಲು ಕೊಡಿ: ಎಲೆಕ್ಟ್ರಾನುಗಳು ಏರಿದವೇ, ಇಳಿದವೇ, ಇದ್ದಲ್ಲೇ ಇದ್ದವೇ. ಕೆ.ಆರ್.ಎಸ್. ಪಟ್ಟಿಯ ಕೆಳಗೆ ಅಷ್ಟು ಜಾಗ ಸಿಕ್ಕೇ ಸಿಗುತ್ತದೆ.